ಸಫ್‌ನಲ್ಲಿ ಪಕ್ಕದವನ ಉಸಿರು

ನಮಾಝಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ಮಕ್ರೂಹ್ ಅಲ್ಲವೇ ಎಂದು ಕೆಲವರು ಕೇಳುವುದುಂಟು. ಹೌದು, ಅಬೂದಾವೂದ್‌ನಲ್ಲಿ ಅಂತಹ ಹದೀಸ್ ಇದೆ. ಆದರೆ ಅದು ಕಾರಣವಿಲ್ಲದೆ ಮುಚ್ಚುವವರಿಗೆ. ಅಗತ್ಯವಿದ್ದಾಗ ಅಭ್ಯಂತರವಿಲ್ಲವೆಂದು ಉಲಮಾಗಳು ತಿಳಿಸಿದ್ದಾರೆ. 2020ರ ಜೂನ್‌ನಲ್ಲಿ ರಾಜ್ಯದ ಮಸೀದಿಗಳು ಪುನಃ ತೆರೆದಾಗ ನಾವು ಮಾಸ್ಕ್ ಧರಿಸಿಯೇ ಸಫ್‌ನಲ್ಲಿ ನಿಂತೆವು. ಪ್ರವಾದಿವರ್ಯರು(ಸ) ಸೀನುವಾಗ ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚುತ್ತಿದ್ದರೆಂದು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ.

ಮಾಸ್ಕ್‌ನಿಂದ ನಿಜಕ್ಕೂ ಪ್ರಯೋಜನವಿದೆಯೇ? ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ 2020-21ರಲ್ಲಿ ಇದನ್ನು ಪರೀಕ್ಷಿಸಲಾಯಿತು. ಇಮಾಮರೂ ಜನರಿಗೆ ತಿಳಿಹೇಳಿದರು. ಮಾಸ್ಕ್ ಹಂಚಿದ ಹಳ್ಳಿಗಳಲ್ಲೂ ಸರಿಯಾಗಿ ಧರಿಸಿದವರು ನೂರಕ್ಕೆ 42 ಮಂದಿ ಮಾತ್ರ! ಆದರೂ ರೋಗಲಕ್ಷಣವಿದ್ದ ಕೊರೋನಾ ಶೇ. 9ರಷ್ಟು ಇಳಿಯಿತು, ಸರ್ಜಿಕಲ್ ಮಾಸ್ಕ್ ಕೊಟ್ಟಲ್ಲಿ 60 ದಾಟಿದವರಲ್ಲಿ ಶೇ. 35ರಷ್ಟು. ಬಟ್ಟೆಯ ಮಾಸ್ಕ್‌ನ ಫಲ ಅಷ್ಟು ಸ್ಪಷ್ಟವಾಗಲಿಲ್ಲ.

ಇಚಲಕರಂಜಿಗೂ ನಿಪ್ಪಾಣಿಗೂ ಜನ ಹೋಗಿಬರುವ ಸದಲಗಾದಂತಹ ಗಡಿಯೂರಿನಲ್ಲಿ ಕೆಮ್ಮು ಎಲ್ಲಿಂದ ಬಂತೆಂದು ಹೇಳಲಾಗದು. ಮುಂದಿನ ಸಫ್‌ನಲ್ಲಿರುವವರು ಹೆಚ್ಚಾಗಿ ವೃದ್ಧರೇ. ಕೆಮ್ಮಿರುವವರು ಬಾಯಿಯ ಜೊತೆ ಮೂಗನ್ನೂ ಮುಚ್ಚಿಕೊಳ್ಳಲಿ, ಗಲ್ಲವನ್ನಲ್ಲ. ಜ್ವರವಿದ್ದವರು ಮನೆಯಲ್ಲೇ ನಮಾಝ್ ನಿರ್ವಹಿಸಲಿ. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿವರ್ಯರು(ಸ) ಹೇಳಿದ್ದು ಬರೀ ವಾಸನೆಯ ತೊಂದರೆಗಾಗಿ.