ನೀರು ಬಳಸಿದ ಊರು

ಮೂಡಿಗೆರೆಯ ಮಲೆಗಳಲ್ಲಿ ಹುಟ್ಟುವ ಹೇಮಾವತಿ ನದಿಯು ಸಕಲೇಶಪುರವನ್ನು ದಾಟಿ ಗೊರೂರಿನತ್ತ ಇಳಿದು ಬರುತ್ತದೆ. ಮಲೆನಾಡು ಮುಗಿದು ಬಯಲು ಸೀಮೆ ಮೊದಲಾಗುವ ಈ ಪ್ರದೇಶದಲ್ಲಿ ನದಿಯ ಇಕ್ಕೆಲಗಳಲ್ಲಿಯೂ ಹಳ್ಳಿಗಳು ನೆಲೆಸಿದ್ದವು. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ‘ಹಳ್ಳಿಯ ಚಿತ್ರಗಳು’ ಕೃತಿಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದ್ದು ಇಂತಹ ಗ್ರಾಮಜೀವನವನ್ನೇ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಏರಿದಂತೆ ಹೊಲಗದ್ದೆಗಳೂ ತೋಪುಗಳೂ ಹಳ್ಳಿಗಳೂ ಮುಳುಗಿದವು. ಹಾಸನದಿಂದ ಸುಮಾರು 20 ಕಿಲೋಮೀಟರು ದೂರದ ಶೆಟ್ಟಿಹಳ್ಳಿಯ ಜನರೂ ಊರು ಬಿಟ್ಟರು. ಅಲ್ಲಿ ಉಳಿದುದು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದೇ.

ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಆ ಕಟ್ಟಡ ಅರ್ಧ ಮುಳುಗಿ, ನಡುನೀರಿನ ದ್ವೀಪದಂತೆ ತೋರುತ್ತದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಬಿರುಕುಬಿಟ್ಟ ಕೆಸರು ನೆಲದ ಮೇಲೆ ಅದರ ಬಾಗಿಲವರೆಗೂ ನಡೆದು ಹೋಗಬಹುದು. ಸೂರಿಲ್ಲದ ಗೋಡೆಗಳು, ಎತ್ತರದ ಕಮಾನುಗಳು ಮಾತ್ರ ಅಲ್ಲಿವೆ. ನೀರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿ ಅವೂ ವರ್ಷದಿಂದ ವರ್ಷಕ್ಕೆ ಶಿಥಿಲವಾಗುತ್ತಿವೆ.

ಜನರು ಬಿಟ್ಟುಹೋದ ಊರುಗಳು ಇತರ ದೇಶಗಳಲ್ಲಿಯೂ ಉಂಟು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡ ಎಂಬ ದ್ವೀಪದಲ್ಲಿ ಜನರು ಕಡಲಹಕ್ಕಿಗಳನ್ನು ಹಿಡಿದು, ಕುರಿ ಸಾಕಿ ಬದುಕುತ್ತಿದ್ದರು. ಆ ಬದುಕು ಇನ್ನು ಸಾಗದೆಂದು ಅರಿತು, ಕೊನೆಗೆ ಉಳಿದಿದ್ದ 36 ಮಂದಿ ತಾವಾಗಿಯೇ ಸರ್ಕಾರವನ್ನು ಬೇಡಿಕೊಂಡು 1930ರ ಆಗಸ್ಟ್ 29ರಂದು ದ್ವೀಪವನ್ನು ತೊರೆದರು. ಹೇಮಾವತಿಯ ದಡದವರ ಕಥೆ ಬೇರೆ. ಅವರ ಬದುಕು ಬತ್ತಿರಲಿಲ್ಲ. ಇತರರ ಬದುಕು ಹಸನಾಗಲೆಂದು ಅವರು ಎದ್ದು ಹೋಗಬೇಕಾಯಿತು. ಬಿಟ್ಟ ನೆಲಕ್ಕೆ ಬದಲಾಗಿ ಸಿಗಬೇಕಾದ ನೆಲಕ್ಕಾಗಿ ಎಷ್ಟೋ ಕುಟುಂಬಗಳು ದಶಕಗಳ ಕಾಲ ಅಲೆದವು.

ಆ ತ್ಯಾಗದ ಫಲ ಇಂದು ಕಣ್ಣೆದುರಿಗಿದೆ. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಸೀಮೆಗೆ ನೀರುಣಿಸುತ್ತವೆ. ಎಡದಂಡೆಯ ನಾಲೆ ಮಳೆ ಕಡಮೆಯಾದ ಚನ್ನರಾಯಪಟ್ಟಣದ ಕಡೆಗೆ ಹರಿದು, ತುಮಕೂರು ಜಿಲ್ಲೆಯನ್ನೂ ಮುಟ್ಟುತ್ತದೆ. ಮುಗಿಲನ್ನೇ ನೋಡುತ್ತ ರಾಗಿ ಬಿತ್ತುತ್ತಿದ್ದ ಎಷ್ಟೋ ರೈತರು ಇಂದು ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ.

ಊರೆಂದರೆ ಮನೆಗಳ ಗುಂಪು ಮಾತ್ರವಲ್ಲ. ಹಿರಿಯರ ಸಮಾಧಿ, ಹಬ್ಬದ ಬೀದಿ, ಹೊಲದ ಬದುವಿನ ಮರ, ನೆರೆಹೊರೆಯವರ ನಂಟು ಇವೆಲ್ಲ ಸೇರಿ ಊರಾಗುತ್ತದೆ. ಪರಿಹಾರದ ಹಣದಿಂದ ಮನೆಯನ್ನು ಮತ್ತೆ ಕಟ್ಟಬಹುದು. ಊರನ್ನು ಕಟ್ಟುವುದು ಸುಲಭವಲ್ಲ. ನಾಲೆಯ ನೀರು ಗದ್ದೆಗೆ ಹರಿಯುವಾಗ, ಅದು ಯಾರ ಅಂಗಳವನ್ನು ಮುಳುಗಿಸಿ ಬಂದಿದೆ ಎಂಬುದನ್ನು ನೆನೆಯುವುದು, ಆ ನೀರನ್ನು ಹನಿಯೂ ಪೋಲಾಗದಂತೆ ಬಳಸುವುದು ಅದನ್ನು ಪಡೆದವರ ಕರ್ತವ್ಯ.