ಹತ್ತು ಸಲ ಬರೆಸುವ ಮೊದಲು ನೋಟ್‌ಬುಕ್ ನೋಡಿ

‘ತಲಿ ಐತಿ, ಲಕ್ಷ್ಯ ಕೊಡಂಗಿಲ್ಲ.’ ಓದಿನಲ್ಲಿ ಹಿಂದುಳಿದ ಮಗುವಿನ ಬಗ್ಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಪಾಲಕರು ಆಡುವ ಮಾತಿದು. ಇದರ ಮೊದಲರ್ಧ ಬಹುಪಾಲು ನಿಜ. ಉಳಿದರ್ಧವನ್ನು ಪರೀಕ್ಷಿಸದೆ ನಂಬುವುದೇ ತಪ್ಪು. ಬುದ್ಧಿ ಚುರುಕಾಗಿದ್ದರೂ ಅಕ್ಷರಕ್ಕೂ ಧ್ವನಿಗೂ ನಂಟು ಕೂಡದಿರುವುದು ಕಲಿಕಾ ನ್ಯೂನತೆಯ ಲಕ್ಷಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಅದೂ ಸೇರಿದೆ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ಬೇರೆ ತೊಂದರೆ. ಎರಡೂ ಒಂದೇ ಮಗುವಿನಲ್ಲಿ ಇರಬಹುದು.

ಮೊದಲು ನೋಟ್‌ಬುಕ್ ತೆಗೆಯಿರಿ. ಕಲಿಕಾ ನ್ಯೂನತೆಯ ಮಗು ಬೋರ್ಡ್ ನೋಡಿ ಬರೆದ ಪುಟ ಹಲವು ಸಲ ಅಂದವಾಗಿರುತ್ತದೆ. ಉಕ್ತಲೇಖನದ ಪುಟದಲ್ಲಿ ‘ಹಕ್ಕಿ’ ಹೋಗಿ ‘ಹಕಿ’, ‘ಪುಸ್ತಕ’ ಹೋಗಿ ‘ಪುಸಕ’ ಆಗಿರುತ್ತದೆ. ತಾನೇ ಬರೆದ ಸಾಲನ್ನು ಓದಲು ಮಗು ತಡವರಿಸುತ್ತದೆ. ಪಾಲಕರು ಎಡವುವುದು ಇಲ್ಲೇ. ಅಕ್ಷರ ಮುದ್ದಾಗಿವೆ, ಪದ್ಯ ಬಾಯಿಪಾಠ ಬರುತ್ತದೆ, ಹಾಗಾದರೆ ಇದು ಸೋಮಾರಿತನ ಎಂದುಕೊಂಡು ‘ಹತ್ತು ಸಲ ಬರಿ’ ಎನ್ನುತ್ತಾರೆ. ನೋಡಿ ಬರೆಯುವಾಗ ಮಗು ಆಕಾರವನ್ನಷ್ಟೇ ಇಳಿಸುತ್ತದೆ, ಧ್ವನಿ ಕಲಿಯುವುದಿಲ್ಲ. ತಪ್ಪು ಪದವನ್ನೇ ಹತ್ತು ಸಲ ಬರೆದರೆ ತಪ್ಪೇ ಗಟ್ಟಿಯಾಗುತ್ತದೆ. ಬದಲಿಗೆ ‘ಹಕ್–ಕಿ’ ಎಂದು ಬಿಡಿಸಿ ಹೇಳಿಸಿ, ಒತ್ತು ಎಲ್ಲಿ ಕೇಳಿಸಿತೆಂದು ಗುರುತಿಸಲು ಬಿಡಿ, ಆಮೇಲೆ ಬರೆಸಿ, ಬರೆದದ್ದನ್ನು ಓದಿಸಿ. ದಿನಕ್ಕೆ ನಾಲ್ಕೈದು ಪದ ಸಾಕು. ಗಮನ ನಿಲ್ಲದ ಮಗುವಿಗೆ ಒಂದು ಹೊತ್ತಿಗೆ ಒಂದೇ ಸೂಚನೆ ಕೊಡಿ, ನಡುನಡುವೆ ಎದ್ದು ಓಡಾಡಲು ಬಿಡಿ. ಬೈಗುಳ, ಬಡಿತ ಎರಡೂ ಕೆಲಸಕ್ಕೆ ಬಾರವು. ಶಾಲೆಯಲ್ಲಂತೂ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಮೆಣಸಿನಕಾಯಿ ಹಂಗಾಮಿನಲ್ಲಿ ಶಾಲೆ ತಪ್ಪಿದ್ದಕ್ಕೆ ಹೀಗಾಗಿದೆ ಎನ್ನುವವರಿದ್ದಾರೆ. ಇರಬಹುದು, ಹಾಜರಿ ಪುಸ್ತಕ ನೋಡಿ. ಗೈರಾಗಿ ಹಿಂದೆ ಬಿದ್ದ ಮಗು ತಪ್ಪದೆ ಪಾಠ ಸಿಕ್ಕರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ದಿನವೂ ಶಾಲೆಗೆ ಹೋಗಿಯೂ ಅಲ್ಲೇ ನಿಂತಿದ್ದರೆ ಕಾರಣ ಬೇರೆ. ದೊಡ್ಡವನಾದರೆ ಸರಿಹೋಗುತ್ತಾನೆ ಎಂಬ ಭರವಸೆಯೂ ದುಬಾರಿ. ನಾಲ್ಕನೇ ತರಗತಿಯ ಹೊತ್ತಿಗೆ ಎಲ್ಲ ವಿಷಯವನ್ನೂ ಓದಿಯೇ ಕಲಿಯಬೇಕು, ಕಾದಷ್ಟೂ ಕಳೆದುಕೊಳ್ಳುವ ಪಾಠ ಹೆಚ್ಚು. ಪರೀಕ್ಷೆ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಬೀಳುತ್ತದೆ ಎಂದು ಹೆದರುವವರು ಒಂದು ಯೋಚಿಸಲಿ: ‘ದಡ್ಡ’ ಎಂಬ ಪಟ್ಟಿ ಆಗಲೇ ಬಿದ್ದಿದೆ, ಅದನ್ನು ಕಿತ್ತುಹಾಕುವುದು ಪರೀಕ್ಷೆಯೇ.

ಮುಂದಿನ ಹಾದಿ ಇಷ್ಟು. ಕಣ್ಣು, ಕಿವಿ ತೋರಿಸಿ. ನೋಟ್‌ಬುಕ್ ಹಿಡಿದು ಮುಖ್ಯಗುರುಗಳನ್ನು ಕಾಣಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮನಶ್ಶಾಸ್ತ್ರಜ್ಞರ ಪರೀಕ್ಷೆಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮೇಲೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಬೇಕಿದ್ದರೆ ಅದು ಕೈಯಲ್ಲಿರಬೇಕು. ಹತ್ತನೇ ತರಗತಿಯವರೆಗೆ ಕಾಯಬೇಡಿ, ಮೂರನೇ ತರಗತಿಯಲ್ಲೇ ಹೊರಡಿ.