ಗುಣ್ಯಾವನ್ನೂ ಮಗುಚಿ ನೋಡಿ

☸️ *ದಿನದ ಧಮ್ಮ ಚಿಂತನೆ*




ಗೋಕಾಕದ ಮರದ ಗೊಂಬೆಗಳು ನಾಡಿಗೆಲ್ಲ ಪರಿಚಿತ. ಗೊಂಬೆಯಿರಲಿ, ಬಾಗಿಲ ಚೌಕಟ್ಟಿರಲಿ, ಕೆಲಸಕ್ಕೆ ಮೊದಲು ಉಳಿ ಹರಿತವಾಗಬೇಕು. ಮಸೆಯುವಾಗ ಕೈಭಾರ ಒಂದು ಬದಿಗೆ ಹೆಚ್ಚಾದರೆ ಉಳಿಯ ಬಾಯಿ ಸೊಟ್ಟಗಾಗುತ್ತದೆ. ಬರಿಗಣ್ಣಿಗೆ ಅದು ಬೇಗ ತಿಳಿಯುವುದಿಲ್ಲ. ಅದಕ್ಕೇ ಬಡಿಗರು ಮೂಲೆಮಟ್ಟ, ಅಂದರೆ ನಮ್ಮ ಕಡೆಯ ಗುಣ್ಯಾ, ಹಿಡಿದು ನೋಡುತ್ತಾರೆ.

ಈ ಕೆಲಸಕ್ಕೆ ಎಂಥ ಗುಣ್ಯಾ ಬೇಕು? ಚೌಕಟ್ಟಿಗೆ ಬಳಸುವ 12 ಇಂಚಿನದು ಸಣ್ಣ ಉಳಿಯ ಮೇಲೆ ನಿಲ್ಲುವುದಿಲ್ಲ. 3–4 ಇಂಚಿನ ಉಕ್ಕಿನದು ಸಾಕು. ಅದರ ಹಿಡಿಯನ್ನು ಉಳಿಯ ಪಕ್ಕಕ್ಕೆ ಒತ್ತಿ, ಪಟ್ಟಿಯನ್ನು ಬಾಯಿಗೆ ತಾಗಿಸಿ, ಬೆಳಕಿಗೆ ಹಿಡಿಯಬೇಕು. ಬೆಳಕು ತೂರಿ ಬಂದ ಕಡೆ ಹೆಚ್ಚು ಸವೆದಿದೆ. ಇನ್ನೊಂದು ಬದಿಯನ್ನು ಮಸೆಯಬೇಕು.

ಆದರೆ ರೊಕ್ಕ ಕೊಡುವ ಮುನ್ನ ಗುಣ್ಯಾವನ್ನೇ ಪರೀಕ್ಷಿಸಬೇಕು. ನೇರ ಅಂಚಿನ ಹಲಗೆಗೆ ಹಿಡಿಯನ್ನು ಒತ್ತಿ ಒಂದು ಗೆರೆ ಎಳೆಯಿರಿ. ಗುಣ್ಯಾವನ್ನು ಮಗುಚಿ, ಅದೇ ಅಂಚಿನ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಗುಣ್ಯಾ ಸರಿ. ಕವಲಾದರೆ ಅದು ಸೊಟ್ಟ. ಗೆರೆಗಳ ನಡುವಿನ ಅಂತರ ಅದರ ತಪ್ಪಿನ ಎರಡರಷ್ಟು. ಬೆಲೆ ಹೆಚ್ಚು, ಹಳೆಯದು, ದೊಡ್ಡವರು ಬಳಸಿದ್ದು ಎಂಬ ಮಾತುಗಳಿಂದ ಗೆರೆ ಕೂಡುವುದಿಲ್ಲ.

ಕೇಸಪುತ್ತದ ಕಾಲಾಮರಿಗೆ ತಥಾಗತರು ತಿಳಿಸಿದ್ದೂ ಈ ದಾರಿಯನ್ನೇ. ಪರಂಪರೆ, ಗ್ರಂಥ, ಗುರು ಎಂಬ ಕಾರಣಕ್ಕೇ ಒಪ್ಪದೆ, ಅದರಿಂದ ಹಿತವೋ ಕೇಡೋ ಎಂದು ತಾವೇ ಅರಿತು ನಡೆಯುವ ದಾರಿ.

ನಮ್ಮ ಹಿರಿಯರನ್ನು ಅಳೆದದ್ದು ಜಾತಿಯೆಂಬ ಗುಣ್ಯಾ. ಬಾವಿಕಟ್ಟೆಯಲ್ಲಿ, ಗುಡಿಯಲ್ಲಿ, ಶಾಲೆಯಲ್ಲಿ ಅದನ್ನಿಟ್ಟು ಇವರು ಕೀಳು ಎಂದರು. ಸೊಟ್ಟಗಿದ್ದದ್ದು ಗುಣ್ಯಾ, ಮನುಷ್ಯರಲ್ಲ. ಬಾಬಾಸಾಹೇಬರು ಅದನ್ನು ಮಗುಚಿ ಲೋಕಕ್ಕೆ ತೋರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅದನ್ನು ಎಸೆದು ಧಮ್ಮದ ಅಳತೆ ಹಿಡಿದರು. ಬುದ್ಧರು ತಮ್ಮ ಮಾತನ್ನೂ ಪ್ರಶ್ನಾತೀತವೆಂದು ಹೇಳಿಕೊಳ್ಳಲಿಲ್ಲ ಎಂಬುದನ್ನು ಅವರು ಒತ್ತಿ ಹೇಳಿದ್ದಾರೆ.

ಹಾಗಾದರೆ ಹಳೆಯ ಗುಣ್ಯಾ ನಮ್ಮ ಮನೆಯ ಮೂಲೆಯಲ್ಲಿ ಉಳಿದಿಲ್ಲ ತಾನೇ? ಮಕ್ಕಳಿಗೆ ಸಂಬಂಧ ನೋಡುವಾಗ ಒಳಪಂಗಡ ಕೇಳುತ್ತೇವೆಯೇ? ಮಗನಿಗೊಂದು, ಮಗಳಿಗೊಂದು ಅಳತೆ ಇಟ್ಟಿದ್ದೇವೆಯೇ? ನಮಗಿಂತ ಕೆಳಗೆ ಎಂದು ಯಾರನ್ನಾದರೂ ಕರೆಯುತ್ತೇವೆಯೇ?

*ಇಂದಿನ ಅಭ್ಯಾಸ:* ಇಂದು ಯಾರ ಬಗ್ಗೆಯಾದರೂ ತೀರ್ಪು ಕೊಡುವ ಮುನ್ನ ಅದೇ ಅಳತೆಯನ್ನು ಮಗುಚಿ ನಮ್ಮ ಮೇಲಿಡೋಣ. ಎರಡು ಗೆರೆ ಕೂಡದಿದ್ದರೆ, ಮೊದಲು ಅಳತೆಯನ್ನು ತಿದ್ದೋಣ.

ಭವತು ಸಬ್ಬ ಮಂಗಲಂ 🙏 ಜೈ ಭೀಮ್